ಅಂತರಗಂಗೆಯ ಜೊತೆ ಬಂದದ್ದು

ಮನೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕಿ, ಅದರ ಮುಂದೆ ನಿಂತು ಆಹಾ ಓಹೋ ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮೀನಿನ ಮೇಲೆ ನನಗೇನೂ ಹಗೆಯಿಲ್ಲ. ಒಳ್ಳೆ ಹುಳಿ ಹಾಕಿ ಸಾರು ಮಾಡಿದರೆ ಈ ವಯಸ್ಸಿನಲ್ಲೂ ಇನ್ನೊಂದು ಮುದ್ದೆ ಮುರಿಯುತ್ತೇನೆ. ನನ್ನ ಸಿಟ್ಟೇ ಬೇರೆ. ಮೀನು ಆಡಿಕೊಂಡಿದ್ದರೆ ಮನೆಗೆ ಏಳಿಗೆ, ಸತ್ತು ತೇಲಿದರೆ ಹೊಸದಾಗಿ ಬಂದ ಹೆಣ್ಣಿನ ಕಾಲ್ಗುಣ ಸರಿಯಿಲ್ಲ ಎಂದು ತೀರ್ಮಾನ ಮಾಡುವ ಮನೆಗೆ ನಾನು ಸೊಸೆಯಾಗಿ ಹೋದವಳು. ತಟ್ಟೆಯಲ್ಲಿದ್ದರೆ ಸಾರು, ಗಾಜಿನಲ್ಲಿದ್ದರೆ ಶಕುನ. ಇದು ಯಾವ ಊರಿನ ನ್ಯಾಯ?

ನನ್ನ ಮದುವೆಯಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ತವರು ಬೆಸಗರಹಳ್ಳಿಯ ಹತ್ತಿರದ ಒಂದು ಹಳ್ಳಿ. ಹೊಲ, ಹಸು, ಊರ ಮುಂದಿನ ಕೆರೆ, ಇಷ್ಟೇ ನನ್ನ ಪ್ರಪಂಚ. ಗಂಡನ ಮನೆ ಮಳವಳ್ಳಿ ದಾಟಿ ಬ್ಲಫ್ಫು ಅನ್ನುವ ಊರಿನಲ್ಲಿ. ಶಿವನಸಮುದ್ರದ ಪವರ್‌ಹೌಸಿನಲ್ಲಿ ಮಾವನಿಗೂ ಗಂಡನಿಗೂ ಕೆಲಸ, ಇರುವುದಕ್ಕೆ ಕ್ವಾರ್ಟರ್ಸು. ನಮ್ಮ ಕಡೆ ಯಾರ ಮನೆಯಲ್ಲೂ ಕರೆಂಟು ಇಲ್ಲದ ಕಾಲದಲ್ಲಿ ಅವರ ಹಜಾರದಲ್ಲಿ ಬಲ್ಬು ಉರಿಯುತ್ತಿತ್ತು. ಅದನ್ನು ನೋಡಿಯೇ ನಮ್ಮಪ್ಪ ಹೆಣ್ಣು ಕೊಟ್ಟ. ಬಲ್ಬಿನ ಕೆಳಗೆ ಕೂತವರ ತಲೆಯೊಳಗೆ ಎಷ್ಟು ಬೆಳಕಿದೆ ಅಂತಲೂ ನೋಡಬೇಕು ಎಂದು ಅವನಿಗೆ ತೋಚಲಿಲ್ಲ, ಪಾಪ.

ಆ ಹಜಾರದ ಕಿಟಕಿಯ ಪಕ್ಕದಲ್ಲಿ ಜಾಡಿ ಇತ್ತು. ಪವರ್‌ಹೌಸಿನಲ್ಲಿ ಬ್ಯಾಟರಿಗೆಂದು ಇಂಥ ಚೌಕದ ದಪ್ಪ ಗಾಜಿನ ಜಾಡಿಗಳನ್ನು ಸಾಲಾಗಿ ಇಟ್ಟಿರುತ್ತಿದ್ದರಂತೆ. ಒಂದರ ಬಾಯಿ ಮುಕ್ಕಾಗಿ ಕೆಲಸಕ್ಕೆ ಬಾರದೆ ಹೋದಾಗ ಮಾವ ದೊಡ್ಡ ಸಾಹೇಬರನ್ನು ಕೇಳಿ ಅದನ್ನು ಮನೆಗೆ ತಂದಿದ್ದರು. ಒಳಗಿನ ಆಸಿಡ್ಡು ಹೋಗಲಿ ಎಂದು ಬೂದಿ ಹಾಕಿ ಉಜ್ಜಿ, ಬಿಸಿಲಿಗಿಟ್ಟು, ಮತ್ತೆ ಉಜ್ಜಿ, ಕೊನೆಗೆ ಹೊಳೆಯ ನೀರು, ಹೊಳೆಯ ಮರಳು, ನುಣುಪು ಕಲ್ಲು ತುಂಬಿ, ಕಿರುಬೆರಳಿನಷ್ಟು ಉದ್ದದ ಬೆಳ್ಳಿ ಬಣ್ಣದ ಮೀನುಗಳನ್ನು ಬಿಟ್ಟಿದ್ದರು. ಕಾವೇರಿಯಲ್ಲಿ ಬಟ್ಟೆ ಒಗೆಯುವಾಗ ಕಾಲು ಕಚ್ಚಲು ಬರುತ್ತವಲ್ಲ, ಅಂಥವು. ಜಾಡಿ ಬಂದ ವರ್ಷವೇ ಮಗನಿಗೆ ಕೆಲಸವಾಯಿತು. ಅಷ್ಟು ಸಾಕಾಯಿತು ಅತ್ತೆಗೆ. ಅಲ್ಲಿಂದ ಅವು ಗಂಗಮ್ಮನ ಮೀನು. ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ಅವಕ್ಕೆ ಒಂದು ಚಿಟಿಕೆ ರಾಗಿ ಹಿಟ್ಟು. ಮಾವನಿಗೆ ಅದು ನೋಡಿಕೊಂಡು ಕೂರುವ ಸಂತೋಷ, ಅತ್ತೆಗೆ ಮನೆಯ ಅದೃಷ್ಟ.

ನಮ್ಮ ಕಡೆ ಹೆಣ್ಣನ್ನು ಮನೆ ತುಂಬಿಸುವಾಗ ತವರಿನ ನೀರು ಕೊಟ್ಟು ಕಳಿಸುವ ರೂಢಿಯಿತ್ತು. ಊರ ಕೆರೆಗೆ ಪೂಜೆ ಮಾಡಿ, ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿ, ಹುಡುಗಿಯ ಕೈಗೆ ಕೊಡುತ್ತಾರೆ. ಆ ನೀರನ್ನು ಚೆಲ್ಲಬಾರದು, ಕೆಳಗಿಡಬಾರದು. ಸರಿ, ಚೊಂಬು ಮಡಿಲಲ್ಲಿ ಇಟ್ಟುಕೊಂಡು ಗಾಡಿಯಲ್ಲಿ ಮದ್ದೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಮಳವಳ್ಳಿಗೆ, ಮತ್ತೆ ಬ್ಲಫ್ಫಿಗೆ. ಆ ರಸ್ತೆಯಲ್ಲಿ ಆ ಬಸ್ಸಿನಲ್ಲಿ ನೀರು ಚೆಲ್ಲದೆ ಇರುತ್ತದೆಯೇ? ಹೆಂಗಸರು ಕೊಡ ಹೊತ್ತು ಬರುವಾಗ ನೀರು ತುಳುಕದಿರಲಿ ಎಂದು ಮೇಲೆ ಒಂದು ಹಸಿರು ಸೊಪ್ಪು ಹಾಕಿಕೊಳ್ಳುತ್ತಾರೆ. ನಮ್ಮವ್ವ ಅದನ್ನೇ ಮಾಡಿದಳು. ಕೆರೆಯಲ್ಲಿ ತೇಲುತ್ತಿದ್ದ ಒಂದು ಅಂತರಗಂಗೆ ಗಿಡವನ್ನು ಬೇರು ಸಮೇತ ಎತ್ತಿ ಚೊಂಬಿನ ಬಾಯಿಗೆ ಇಟ್ಟಳು. ಎಲೆ ಮೇಲೆ, ಬೇರು ನೀರೊಳಗೆ. ಹೆಸರಿನಲ್ಲೇ ಗಂಗೆ ಇದೆ, ಒಳ್ಳೆಯದೇ ಅಂದಳು. ಒಂದು ತೊಟ್ಟೂ ಚೆಲ್ಲಲಿಲ್ಲ.

ಹೊಸ್ತಿಲಲ್ಲಿ ಅಕ್ಕಿಯ ಸೇರು ಒದ್ದು ಒಳಗೆ ಬಂದೆ. ಅತ್ತೆ ಚೊಂಬು ಇಸಕೊಂಡರು. ತವರಿನ ಗಂಗೆಯನ್ನು ಕಾಲು ತುಳಿಯುವ ಕಡೆ ಸುರಿಯುವಂತಿಲ್ಲ. ಹಳ್ಳಿಯಲ್ಲಾಗಿದ್ದರೆ ತುಳಸಿ ಕಟ್ಟೆಗೋ ಬಾವಿಗೋ ಹಾಕುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಬಾವಿ ಎಲ್ಲಿ, ನಲ್ಲಿ. ಅತ್ತೆ ಸುತ್ತ ನೋಡಿ, ನೇರ ಹೋಗಿ ಜಾಡಿಗೆ ಸುರಿದರು. ಅಂತರಗಂಗೆಯೂ ಅದರಲ್ಲೇ ತೇಲಿತು. ಬಂದಿದ್ದ ಹೆಂಗಸರೆಲ್ಲ ಎಷ್ಟು ಚೆನ್ನಾಗಿ ಕಾಣುತ್ತೆ ಅಂದರು. ನಿಜವಾಗಿ ಚೆನ್ನಾಗಿಯೇ ಕಾಣುತ್ತಿತ್ತು.

ಮೊದಲು ಸತ್ತದ್ದು ಎಲ್ಲಕ್ಕಿಂತ ದೊಡ್ಡ ಮೀನು. ಅರಿಶಿನದ ಕೈ ಇನ್ನೂ ಹಸಿಯಾಗಿತ್ತು ನನ್ನದು. ಬೆಳಿಗ್ಗೆ ನೋಡಿದರೆ ಹೊಟ್ಟೆ ಮೇಲಾಗಿ ತೇಲುತ್ತಿದೆ. ಮಾವ ಎತ್ತಿ ಅಂಗೈ ಮೇಲೆ ಹಾಕಿಕೊಂಡು ತಿರುಗಿಸಿ ನೋಡಿದರು. ಗಾಯವಿಲ್ಲ, ಕಚ್ಚಿದ ಗುರುತಿಲ್ಲ, ಚಕ್ಕೆ ಕೂಡ ಉದುರಿಲ್ಲ. ಆದರೆ ಮೈ ಬಿಳಿಚಿಕೊಂಡು, ಒಳಗಿನದೆಲ್ಲ ಇಳಿದುಹೋದ ಚೀಲದ ಹಾಗೆ ಸಡಿಲವಾಗಿತ್ತು. ವಯಸ್ಸಾಗಿತ್ತೇನೋ ಅಂದರು. ಅತ್ತೆ ನನ್ನ ಕಾಲಿನ ಕಡೆ ಒಂದು ಸಲ ನೋಡಿ ಒಳಗೆ ಹೋದರು.

ಸ್ವಲ್ಪ ದಿನಕ್ಕೆ ಇನ್ನೊಂದು. ಆಮೇಲೆ ಮತ್ತೊಂದು. ಎಲ್ಲವೂ ಹಾಗೆಯೇ, ಮೈ ಮೇಲೆ ಗೀರಿಲ್ಲ, ಒಳಗೆ ಏನೂ ಇಲ್ಲ. ಬೆಕ್ಕು ಹಿಡಿದಿದ್ದರೆ ಬೆಕ್ಕಿನ ಮೇಲೆ ಹೇಳಬಹುದಿತ್ತು. ಕಾರಣ ಕಾಣದಿದ್ದಾಗ ಗೂಬೆ ಕೂರಿಸುವುದಕ್ಕೆ ಒಂದು ತಲೆ ಬೇಕಲ್ಲ, ಹೊಸ ಸೊಸೆಯ ತಲೆಗಿಂತ ಸುಲಭದ ತಲೆ ಯಾವುದು? ಅಷ್ಟರಲ್ಲಿ ಮಾವನಿಗೆ ಚಳಿಜ್ವರ ಶುರುವಾಯಿತು. ಆ ವರ್ಷ ನಮ್ಮ ಕ್ವಾರ್ಟರ್ಸಿನ ಲೈನಿನ ಅರ್ಧ ಮನೆಗಳಲ್ಲಿ ಚಳಿಜ್ವರ. ಎಲ್ಲರೂ ಆಸ್ಪತ್ರೆಯಿಂದ ಕಹಿ ಔಷಧಿ ತಂದು ಮುಖ ಕಿವುಚಿ ಕುಡಿಯುತ್ತಿದ್ದರು. ಆದರೆ ನಮ್ಮ ಮನೆಯ ಜ್ವರ ಮಾತ್ರ ಸೊಳ್ಳೆಯದಲ್ಲ, ನನ್ನದು. ಮೀನು ಮೊದಲು ಹೋಗಿ ಸೂಚನೆ ಕೊಟ್ಟಿತು, ಇನ್ನು ಮನೆ ಯಜಮಾನನ ಸರದಿ ಎಂದು ಅತ್ತೆ ಪಕ್ಕದ ಮನೆಯವರ ಹತ್ತಿರ ಹೇಳುವುದನ್ನು ನಾನು ಗೋಡೆ ಆಚೆಯಿಂದ ಕೇಳಿಸಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಎಮ್ಮೆ ನಾನು.

ಒಂದು ಮಾತು ಹೇಳಬೇಕು. ಅತ್ತೆಯ ಹೆದರಿಕೆ ಸುಳ್ಳಲ್ಲ. ಮಾವ ನಡುಗುವಾಗ ಇದ್ದ ಕಂಬಳಿಯನ್ನೆಲ್ಲ ಹೊದಿಸಿ, ಅದೂ ಸಾಲದೆ ತಾವೇ ಒತ್ತಿ ಹಿಡಿದುಕೊಂಡು ಕೂರುತ್ತಿದ್ದರು. ಅದನ್ನು ನೋಡಿದರೆ ನನ್ನ ಕರುಳೂ ಚುರ್ ಅನ್ನುತ್ತಿತ್ತು. ಆದರೆ ಹೆದರಿಕೊಂಡವರು ಏನು ಬೇಕಾದರೂ ಮಾಡಬಹುದು ಅಂತ ಎಲ್ಲಿದೆ? ನಾನು ಹೆದರಿರಲಿಲ್ಲವೇ? ನನ್ನನ್ನು ಒತ್ತಿ ಹಿಡಿದುಕೊಳ್ಳುವವರು ಯಾರಿದ್ದರು?

ನನ್ನನ್ನು ಜಾಡಿಯ ಹತ್ತಿರ ಸುಳಿಯಬೇಡ ಅಂದರು. ಹಜಾರ ಗುಡಿಸುವಾಗಲೂ ಆ ಮೂಲೆ ಬಿಡಬೇಕು. ನಾನು ದೂರದಿಂದಲೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ಜಾಡಿಯಲ್ಲಿ ಮೀನಿಗಿಂತ ಬೇರೆಯವರೇ ಹೆಚ್ಚಾಗಿದ್ದರು. ಗಾಜಿಗೆ ಅಂಟಿಕೊಂಡ ಪುಟ್ಟ ಪುಟ್ಟ ಬಸವನ ಹುಳುಗಳು, ಅವು ಇಟ್ಟ ಲೋಳೆ ಮೊಟ್ಟೆ. ಕಲ್ಲಿನ ಸಂದಿಯಲ್ಲಿ ಕಸಕಡ್ಡಿ ಅಂಟಿಸಿಕೊಂಡು ಚೀಲ ಮಾಡಿ, ಆ ಚೀಲವನ್ನೇ ಎಳೆದುಕೊಂಡು ಓಡಾಡುವ ಒಂದು ಹುಳು. ಮರಳಿನಲ್ಲಿ ದಾರದಂಥ ಕೆಂಪು ಹುಳು. ಇವನ್ನೆಲ್ಲ ಯಾರೂ ಕರೆದಿರಲಿಲ್ಲ. ಕಲ್ಲಿನ ಜೊತೆ, ನೀರಿನ ಜೊತೆ, ಗಿಡದ ಜೊತೆ ಬಂದು ಮನೆ ಮಾಡಿಕೊಂಡಿದ್ದವು. ಅವುಗಳನ್ನು ಯಾರೂ ಕಾಲ್ಗುಣ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕರೆದು ಟ್ರಂಕು ಜೋಡಿಸಿಕೋ ಅಂದರು. ಇಷ್ಟು ದಿನ ಜೋರು ಮಾಡುತ್ತಿದ್ದ ದನಿ ಅವತ್ತು ಮೆತ್ತಗಿತ್ತು. ನಿಮ್ಮ ಚಿಕ್ಕಪ್ಪನಿಗೆ ಹೇಳಿ ಕಳಿಸಿದ್ದೇವೆ, ಬಂದು ಕರೆದುಕೊಂಡು ಹೋಗುತ್ತಾನೆ, ಗ್ರಹಚಾರ ಕಳೆಯಲಿ, ಆಮೇಲೆ ನೋಡೋಣ ಅಂದರು. ಈ ಆಮೇಲೆ ಅನ್ನುವ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ಆಷಾಢಕ್ಕೆ ತವರಿಗೆ ಹೋಗುವ ಹೆಣ್ಣು ಕೈಚೀಲ ಹಿಡಿದು ಹೋಗುತ್ತಾಳೆ. ಟ್ರಂಕು ಹೊತ್ತು ಹೋಗುವವಳು ತಿರುಗಿ ಬರುವುದಿಲ್ಲ. ನಮ್ಮ ದೊಡ್ಡಪ್ಪನ ಮಗಳು ಹಾಗೇ ಬಂದವಳು. ಅವಳು ಹೋದ ಮನೆಯಲ್ಲಿ ಜೋಡೆತ್ತಿನಲ್ಲಿ ಒಂದು ಸತ್ತಿತ್ತು, ಅಷ್ಟೇ. ಅವಳ ಧಾರೆ ಸೀರೆ ನಾನು ನೋಡುತ್ತ ನೋಡುತ್ತ ಕೌದಿಯಾಯಿತು. ಅವಳು ಅಣ್ಣಂದಿರ ಮನೆಯ ಹಿತ್ತಿಲಲ್ಲಿ ರಾಗಿ ಬೀಸುತ್ತ, ಯಾರ ಮದುವೆಗೂ ಮುಂದೆ ಬಾರದೆ ಇದ್ದಳು. ನನ್ನ ಬಾಳು ಈಗ ಆ ಬೀಸುವ ಕಲ್ಲಿನ ಮುಂದೆ ಹೋಗಿ ಕೂರಲಿತ್ತು.

ಗಂಡನಿಗೆ ಹೇಳಿದೆ. ಅವರು ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ ಅಂತ ಎಲ್ಲರೂ ಹೊಗಳುತ್ತಿದ್ದರು. ಹೆಂಗಸಿನ ಬಾಳಿಗೆ ಬೆಂಕಿ ಬಿದ್ದಾಗ ಕಚ್ಚದ ಬಾಯಿ ತಗೊಂಡು ಏನು ಮಾಡುವುದು? ಅಪ್ಪನಿಗೆ ಹುಷಾರಿಲ್ಲ, ಈಗ ಮಾತು ಬೆಳೆಸಬೇಡ ಅಂದರು. ಬೀಡಿ ಹಚ್ಚಿಕೊಂಡು ಕೆಲಸಕ್ಕೆ ಹೋದರು.

ಚಿಕ್ಕಪ್ಪ ಬರುವ ದಿನ ಬಂತು. ಬೆಳಿಗ್ಗೆ ಅತ್ತೆಗೆ ಕರೆ ಬಂದಿತ್ತು. ಲೈನಿನ ಕೊನೆಯ ಮನೆಯಲ್ಲಿ ಬಾಣಂತಿ ಇದ್ದಳು, ಎಳೆಮಗುವಿಗೆ ನೀರು ಹಾಕುವುದು ಅತ್ತೆಯೇ ಆಗಬೇಕು. ಅತ್ತೆಯ ಕೈಗುಣ ಬ್ಲಫ್ಫಿನಲ್ಲೆಲ್ಲ ಹೆಸರಾಗಿತ್ತು. ಅವರು ಎಣ್ಣೆ ಸವರಿ ನೀರು ಹಾಕಿದ ಮಗು ಹಟ ಮಾಡದೆ ಮಲಗುತ್ತದೆ, ಅವರು ಎರೆದ ಮಗು ಕಲ್ಲು ಗುಂಡಿನ ಹಾಗೆ ಬೆಳೆಯುತ್ತದೆ ಎಂದು ನಂಬಿಕೆ. ಹೋಗುವಾಗ ಟ್ರಂಕಿನ ಕಡೆ ನೋಡಿ, ಬೀಗ ಹಾಕಿದೆಯೇ ಎಂದು ಮುಟ್ಟಿ ನೋಡಿ ಹೋದರು. ಆ ಬೀಗ ಮುಟ್ಟಿದ್ದನ್ನು ಕಂಡದ್ದೇ ನನ್ನ ಮೈಯೆಲ್ಲ ಹತ್ತಿಕೊಂಡು ಉರಿಯಿತು. ಹೋಗುವವಳು ಹೇಗೂ ಹೋಗುತ್ತೇನೆ, ಇನ್ನು ಯಾರ ಅಪ್ಪಣೆ ಏನು ಅಂದುಕೊಂಡು ಸೆರಗು ಸಿಕ್ಕಿಸಿ ಜಾಡಿಯ ಮುಂದೆ ಕೂತೆ.

ಮಾವ ಮಂಚದ ಮೇಲೆ ಮಲಗಿದ್ದವರು ತಲೆ ತಿರುಗಿಸಿ ನೋಡಿದರು. ಬೇಡ ಅನ್ನಲಿಲ್ಲ. ಅವರು ಗಂಜಿ ಕುಡಿಯುತ್ತಿದ್ದ ಬಿಳಿ ಪಿಂಗಾಣಿ ಬೋಗುಣಿ ಪಕ್ಕದಲ್ಲಿತ್ತು. ಅದನ್ನೇ ತೊಳೆದು ನೀರು ತುಂಬಿಕೊಂಡು ಬಂದೆ. ಬಿಳಿ ಮೇಲೆ ಏನಿದ್ದರೂ ಕಾಣುತ್ತದೆ ಅನ್ನುವುದಕ್ಕೆ ಓದು ಬೇಕಿಲ್ಲ, ಅಕ್ಕಿ ಆರಿಸಿದವರಿಗೆಲ್ಲ ಗೊತ್ತು. ಒಂದೊಂದನ್ನೇ ತೆಗೆದು ಬೋಗುಣಿಗೆ ಹಾಕಿ ನೋಡಿದೆ. ಬಸವನ ಹುಳು ಗಾಜಿನ ಮೇಲಿನ ಪಾಚಿ ಮೇಯುವುದು, ಅದಕ್ಕೆ ಮೀನಿನ ಗೊಡವೆ ಇಲ್ಲ. ಕಸದ ಚೀಲದ ಹುಳು ಮುಟ್ಟಿದರೆ ಮನೆಯೊಳಗೆ ಸೇರಿಕೊಳ್ಳುವ ಹೇಡಿ. ಕೆಂಪು ಹುಳುವನ್ನು ಮೀನೇ ತಿನ್ನುತ್ತದೆ. ಒಂದು ಸಣ್ಣ ಜಿಗಣೆಯೂ ಸಿಕ್ಕಿತು, ಇವನೇ ಕಳ್ಳ ಅಂದುಕೊಂಡೆ. ಆದರೆ ಅದು ಹೋಗಿ ಬಸವನ ಹುಳುವಿನ ಚಿಪ್ಪಿಗೆ ಅಂಟಿಕೊಂಡಿತು. ಜಿಗಣೆ ಕಚ್ಚಿದರೆ ರಕ್ತದ ಗುರುತಾದರೂ ಉಳಿಯುತ್ತದೆ, ಗದ್ದೆಯಲ್ಲಿ ಕಾಲಿಟ್ಟವಳಿಗೆ ಅದು ಗೊತ್ತಿರದೆ ಇರುತ್ತದೆಯೇ. ಅಲ್ಲಿಗೆ ನನ್ನ ಧೈರ್ಯ ಕುಸಿಯಿತು. ಉಳಿದದ್ದು ಅಂತರಗಂಗೆ ಒಂದೇ.

ಅದನ್ನು ಎತ್ತಿದೆ. ಒಂದು ಗಿಡ ಬಂದದ್ದು ಈಗ ಮರಿ ಹಾಕಿ ಜಾಡಿಯ ಬಾಯಿ ಮುಚ್ಚುವಷ್ಟಾಗಿತ್ತು. ಬೇರು ಕೂದಲಿನ ಹಾಗೆ ಇಳಿಬಿದ್ದಿತ್ತು. ಬೋಗುಣಿಯ ಮೇಲೆ ಹಿಡಿದು ಒದರಿದೆ. ಕೊಳೆತ ಎಲೆಯ ಚೂರು ಒಂದು ಬಿತ್ತು. ಹೆಬ್ಬೆರಳಿನ ಉಗುರಿನಷ್ಟು, ಚಪ್ಪಟೆ, ಕಂದು ಬಣ್ಣ. ಎತ್ತಿ ಎಸೆಯಬೇಕು ಅನ್ನುವಷ್ಟರಲ್ಲಿ ಆ ಎಲೆಚೂರು ಈಜಿತು.

ಅದರ ಬೆನ್ನ ತುಂಬ ಸಾಮೆ ಕಾಳು ಒತ್ತೊತ್ತಾಗಿ ಅಂಟಿಸಿದ ಹಾಗೆ ಮೊಟ್ಟೆ. ಮುಂದಿನ ಎರಡು ಕಾಲು ಕತ್ತರಿಯ ಹಾಗೆ ಮಡಚಿಕೊಂಡಿತ್ತು. ತಲೆ ಕೆಳಗೆ ಮಾಡಿ, ಹಿಂಭಾಗ ಮಾತ್ರ ನೀರಿನ ಮೇಲಿಟ್ಟು ಉಸಿರೆಳೆಯುತ್ತ ನಿಂತಿತು. ಆಗ ನೆನಪಾಯಿತು. ನಮ್ಮೂರ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಕಾಲ್ಬೆರಳಿಗೆ ಚೇಳು ಕುಟುಕಿದಂತೆ ಕುಟುಕುವುದು ಇದೇ. ನೀರುತಿಗಣೆ ಅನ್ನುತ್ತಿದ್ದೆವು. ತಿಗಣೆಯ ಜಾತಿ, ಅಂದರೆ ಕಚ್ಚಿ ತಿನ್ನುವುದಲ್ಲ, ಚುಚ್ಚಿ ಹೀರುವುದು. ಗೀರಿಲ್ಲದ ಮೈ, ಖಾಲಿಯಾದ ಹೊಟ್ಟೆ. ಮತ್ತೆ ಒದರಿದೆ. ಇನ್ನೊಂದು ಬಿತ್ತು, ಅದರ ಹಿಂದೆ ಎಳ್ಳು ಗಾತ್ರದ ಮರಿಗಳು. ಗಿಡವನ್ನು ಪಕ್ಕಕ್ಕೆ ಇಟ್ಟೆ. ನನಗೆ ಸಂತೋಷವಾಯಿತು ಅಂತ ಯಾರಾದರೂ ಅಂದುಕೊಂಡರೆ ತಪ್ಪು. ಇಷ್ಟು ದಿನ ಒಬ್ಬರಾದರೂ ಈ ಗಿಡವನ್ನು ಎತ್ತಿ ನೋಡಲಿಲ್ಲವಲ್ಲ, ಎಲ್ಲರೂ ನನ್ನ ಪಾದವನ್ನೇ ನೋಡಿದರಲ್ಲ ಎಂದು ಸಿಟ್ಟು ಬಂತು.

ಅಷ್ಟು ಹೊತ್ತಿಗೆ ಚಿಕ್ಕಪ್ಪ ಬಂದ. ಹಿಂದೆಯೇ ಗಂಡ ಬಂದರು, ಬಸ್ಸು ಹತ್ತಿಸಲೆಂದು ರಜೆ ಕೇಳಿಕೊಂಡು ಬಂದಿದ್ದರು. ನನ್ನನ್ನು ಉಳಿಸಲು ರಜೆ ಸಿಕ್ಕಿರಲಿಲ್ಲ, ಕಳಿಸಲು ಸಿಕ್ಕಿತು. ಅತ್ತೆಯೂ ಬಾಣಂತಿ ಮನೆಯಿಂದ ಬಂದರು, ಕೈಯಲ್ಲಿ ಇನ್ನೂ ಹರಳೆಣ್ಣೆಯ ವಾಸನೆ. ಜೊತೆಗೆ ಲೈನಿನ ಹೆಂಗಸರು, ಬೀಳ್ಕೊಡುವ ನೆಪದಲ್ಲಿ ನೋಡಲು ಬಂದವರು. ಗಂಡ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ನನ್ನ ಟ್ರಂಕನ್ನು ಎತ್ತಿ ತಂದು ಬಾಗಿಲಲ್ಲಿ ಇಟ್ಟರು.

ನಾನು ಬೋಗುಣಿಯನ್ನು ಹಜಾರದ ನಡುವೆ ಇಟ್ಟೆ. ಮಾವನ ಗಂಜಿ ಬೋಗುಣಿಯಲ್ಲಿ ಹುಳ ಕಂಡು ಅತ್ತೆ ಹೌಹಾರಿದರು. ನಿಮ್ಮ ಮೀನು ತಿಂದದ್ದು ಇದು, ನಾನಲ್ಲ ಅಂದೆ. ಜಾಡಿಯಿಂದ ಒಂದು ಮೀನು ಹಿಡಿದು ಬೋಗುಣಿಗೆ ಬಿಟ್ಟೆ. ಎಲ್ಲರೂ ಬಗ್ಗಿ ನೋಡಿದರು. ಮೀನು ಸುತ್ತು ಹಾಕಿತು. ತಿಗಣೆ ತಳದಲ್ಲಿ ಕಲ್ಲಿನ ಹಾಗೆ ಕೂತಿತು. ಮೀನು ಅದರ ಮೂಗಿನ ಮುಂದೆಯೇ ಹಾದುಹೋಯಿತು. ತಿಗಣೆ ಅಲುಗಲಿಲ್ಲ. ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಹುಚ್ಚು ಹಿಡಿದಿದೆ ಹುಡುಗಿಗೆ ಅಂದರು ಇನ್ನೊಬ್ಬರು. ಅತ್ತೆ, ಸಾಕು ಏಳು, ಬಸ್ಸಿಗೆ ಹೊತ್ತಾಯಿತು ಅಂದರು. ಚಿಕ್ಕಪ್ಪ ಬಗ್ಗಿ ಟ್ರಂಕಿನ ಹಿಡಿಗೆ ಕೈ ಹಾಕಿದ. ತಿನ್ನು ಮುಂಡೇದೇ ತಿನ್ನು ಎಂದು ಮನಸ್ಸಿನಲ್ಲೇ ಬೈದೆ. ಒಂದು ಮೀನು ಸಾಯಲಿ ಎಂದು ದೇವರನ್ನು ಬೇಡಿಕೊಳ್ಳುವ ಸ್ಥಿತಿಗೆ ನನ್ನನ್ನು ತಂದಿದ್ದರು ಇವರೆಲ್ಲ ಸೇರಿ.

ಆಗ ಅದು ನೆಗೆಯಿತು. ಕಣ್ಣು ಮಿಟುಕಿಸುವುದರೊಳಗೆ ಮುಂಗಾಲಿನಿಂದ ಮೀನನ್ನು ಅಪ್ಪಿಕೊಂಡು ಕತ್ತಿನ ಹತ್ತಿರ ಸೂಜಿಯಂಥ ಮೂತಿ ಇಳಿಸಿತು. ಮೀನು ಒದ್ದಾಡಿತು, ನಿಂತಿತು. ಅದರ ಬೆಳ್ಳಿಯ ಹೊಳಪು ನಮ್ಮ ಕಣ್ಣೆದುರಿಗೇ ಮಂಕಾಗುತ್ತ ಬಂತು. ಮಾವ ಮಂಚದಿಂದ ಎದ್ದು ಗೋಡೆ ಹಿಡಿದುಕೊಂಡು ಬಂದು ನೋಡಿದರು.

ಮೊದಲು ಬಾಯಿ ತೆರೆದದ್ದು ಅತ್ತೆ. ದಡ್ಡಿಯಲ್ಲ ಆಕೆ, ನನಗಿಂತ ಬೇಗ ಲೆಕ್ಕ ಹಾಕಿದ್ದರು.

"ಸರಿ ಕಣಮ್ಮಿ, ಉಳಾನೇ ತಿಂತು. ಆ ಉಳ ಯಾರ ಚೊಂಬಲ್ಲಿ ಬಂತು? ನಿನ್ನ ತವ್ರು ನೀರಲ್ಲಿ ತಾನೆ? ಕಾಲ್ಗುಣ ಅಂದ್ರೆ ಇನ್ನೇನು ಅಂದ್ಕಂಡೆ?"

ಹೆಂಗಸರೆಲ್ಲ ಹೌದಲ್ಲ ಅನ್ನುವಂತೆ ತಲೆ ಆಡಿಸಿದರು. ಚಿಕ್ಕಪ್ಪ ತಲೆ ತಗ್ಗಿಸಿದ. ನೋಡಿ, ಅಷ್ಟು ಕಷ್ಟಪಟ್ಟು ಹುಡುಕಿ ತೆಗೆದ ನಿಜವನ್ನು ಆಕೆ ಒಂದೇ ಮಾತಿನಲ್ಲಿ ಮಡಚಿ ನನ್ನ ಕತ್ತಿಗೇ ಸುತ್ತಿದರು. ಹುಳ ತೋರಿಸಿದರೆ ಬಿಡುಗಡೆ ಅಂದುಕೊಂಡಿದ್ದ ನಾನು ಎಂಥ ಪೆದ್ದಿ! ನಿಜ ಬೇಕಾಗಿದ್ದವರಿಗೆ ತಾನೆ ನಿಜ ತೋರಿಸುವುದು. ಹುಟ್ಟಿದಾಗಿನಿಂದ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಮದುವೆಯಾದ ಮೇಲೆ ನುಂಗಿಕೊಂಡು ಬಂದಿದ್ದೆ. ಅವತ್ತು ನುಂಗಲು ಆಗಲಿಲ್ಲ.

"ಕಾಲ್ಗುಣ ನಂದೇ ಅನ್ನಿ ಅತ್ತೆ. ಚೊಂಬಿಂದ ಜಾಡಿಗೆ ಉಯ್ದ ಕೈ ಯಾರ್ದು? ಈಗ ತಾನೆ ಎಳೆ ಮಗೀಗೆ ನೀರು ಉಯ್ದು ಬಂದ್ರಲ್ಲ, ಅದೂ ಅದೇ ಕೈಯಲ್ವಾ?"

ಬಾಗಿಲಲ್ಲಿದ್ದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಲ್ಲಿ ಒಬ್ಬಳು ಬಸುರಿ, ಅವಳು ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಅದು ಅತ್ತೆಗೂ ಕಾಣಿಸಿತು, ನನಗೂ ಕಾಣಿಸಿತು. ಅತ್ತೆ ತಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಗೋಡೆಗೆ ಒರಗಿ ಕೂತರು. ಈ ಮಾತು ಲೈನಿನಲ್ಲಿ ಹಬ್ಬಿದರೆ ನಾಳೆಯಿಂದ ಯಾರೂ ಮಗುವನ್ನು ಅವರ ಮಡಿಲಿಗೆ ಹಾಕುವುದಿಲ್ಲ. ನನ್ನ ಪಾದ ಕೆಟ್ಟದ್ದಾದರೆ ಅವರ ಕೈಯೂ ಕೆಟ್ಟದ್ದು. ಎರಡೂ ಬೊಗಳೆ ಅಂತ ನನಗೆ ಗೊತ್ತು. ಆದರೆ ಆ ಮನೆಯಲ್ಲಿ ನಡೆಯುತ್ತಿದ್ದ ನಾಣ್ಯ ಅದೊಂದೇ, ಅದನ್ನೇ ಕೊಟ್ಟೆ. ಅದಕ್ಕಾಗಿ ಇವತ್ತಿಗೂ ನನಗೆ ಒಂದಿಷ್ಟೂ ನಾಚಿಕೆಯಿಲ್ಲ.

ಮಾವ ಮಗನ ಕಡೆ ತಿರುಗಿದರು.

"ಆ ಟ್ರಂಕ ಒಳಿಕ್ಕೆ ಇಡ್ಲಾ," ಅಂದರು.

ಅತ್ತೆ ಹೆಂಗಸರನ್ನು ಕುರಿತು, ಹುಳದ ಕಾಟ ಕಣ್ರವ್ವ, ಕಾಲ್ಗುಣವೂ ಇಲ್ಲ ಏನೂ ಇಲ್ಲ, ಹೋಗಿ ನಿಮ್ಮ ಕೆಲಸ ನೋಡಿ ಅಂದರು. ಒಂದು ಗಳಿಗೆಯ ಹಿಂದೆ ಅದೇ ಬಾಯಲ್ಲಿ ಬಂದ ಮಾತು ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ. ಚಿಕ್ಕಪ್ಪ ಉಂಡು, ಎಲೆ ಅಡಿಕೆ ಹಾಕಿಕೊಂಡು ಒಬ್ಬನೇ ಬಸ್ಸಿಗೆ ಹೋದ. ಹೋಗುವಾಗ, ಗಂಡನ ಮನೆಯಲ್ಲಿ ಅಷ್ಟು ಬಾಯಿ ಒಳ್ಳೆಯದಲ್ಲ ಎಂದು ನನಗೇ ಬುದ್ಧಿ ಹೇಳಿದ. ಮಾವನ ಜ್ವರ ಔಷಧಿಯಿಂದ ನಿಧಾನಕ್ಕೆ ಇಳಿಯಿತು. ಅದು ಯಾರ ಗುಣ ಅಂತ ಯಾರೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಜಾಡಿ ತೊಳೆಯಬೇಕಿತ್ತು. ಗಂಡ ಅದನ್ನು ಹಿತ್ತಿಲ ನಲ್ಲಿಯ ಹತ್ತಿರ ಹೊತ್ತು ತಂದರು. ಉಳಿದ ಮೀನನ್ನು ಬಕೆಟ್ಟಿಗೆ ಬಿಟ್ಟು, ಅಂತರಗಂಗೆಯನ್ನು ಒಂದೂ ಬಿಡದೆ ಬಿಸಿಲಿಗೆ ಎಸೆದು, ಕಲ್ಲು ಮರಳನ್ನೆಲ್ಲ ಕುದಿಯುವ ನೀರಿಗೆ ಹಾಕಿದೆ. ಅವರು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗಾಜು ಉಜ್ಜುತ್ತಿದ್ದರು. ಕೆಳಗಿನ ಪವರ್‌ಹೌಸಿನಿಂದ ಯಂತ್ರದ ಸದ್ದು ಎಂದಿನಂತೆ ಬರುತ್ತಿತ್ತು. ಮನೆಯಲ್ಲಿ ಎಲ್ಲ ಸರಿಹೋಯಿತು ಅನ್ನುವ ಸಮಾಧಾನ ಅವರ ಮುಖದಲ್ಲಿ ಕಾಣುತ್ತಿತ್ತು. ಅವ್ವನಿಗೆ ಅಷ್ಟು ಜನದ ಮುಂದೆ ಹಾಗನ್ನಬಾರದಿತ್ತು ಅಂದರು. ನಾನು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟೆ.

"ಆ ಉಳ ಸಿಕ್ಕದೇ ಓಗಿದ್ರೆ ಏನ್ ಮಾಡ್ತಿದ್ರಿ?" ಅಂತ ಕೇಳಿದೆ.

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಸಿಕ್ತಲ್ಲ, ಬುಡು," ಅಂದರು.

ಅವರ ಜೊತೆ ಆಮೇಲೆ ಬಹಳ ವರ್ಷ ಬಾಳಿದೆ, ಮಕ್ಕಳನ್ನು ಹೆತ್ತೆ. ಆ ಮಕ್ಕಳಿಗೆಲ್ಲ ನೀರು ಹಾಕಿದ್ದು ಅತ್ತೆಯೇ. ಅವರು ಕೆಟ್ಟ ಗಂಡನಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಸಂಬಳ ತಂದು ಕೈಗೆ ಕೊಟ್ಟರು. ಆದರೆ ಆ ನಲ್ಲಿಯ ಹತ್ತಿರ ಕೂತಾಗ ನನಗೆ ಒಂದು ವಿಷಯ ತಿಳಿದುಹೋಯಿತು, ಅದನ್ನು ಮತ್ತೆ ಮರೆಯಲು ಆಗಲಿಲ್ಲ. ಹುಳ ಸಿಗದೆ ಹೋಗಿದ್ದರೆ ಈ ಮನುಷ್ಯ ನನ್ನನ್ನು ಬಸ್ಸು ಹತ್ತಿಸಿ, ಮನೆಗೆ ಬಂದು, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದರು.